ಇಂಧನಕ್ಕೂ ಚಿಕಿತ್ಸೆಗೂ ಒಂದೇ ಬೆಲೆಮಿತಿ ಒಗ್ಗುತ್ತದೆಯೇ?

ಪ್ರಶ್ನೆ: ನಾನು ಮೂರು ಸರಕು ವಾಹನಗಳನ್ನು ಇಟ್ಟುಕೊಂಡು ಜೀವನ ನಡೆಸುವವನು. ಡೀಸೆಲ್ ಬೆಲೆ ಏರಿದ ದಿನವೇ ನನ್ನ ಖರ್ಚು ಏರುತ್ತದೆ, ಬಾಡಿಗೆ ಮಾತ್ರ ಹಳೆಯ ಒಪ್ಪಂದದಲ್ಲೇ ಇರುತ್ತದೆ. ಕಚ್ಚಾ ತೈಲ ಅಗ್ಗವಾಯಿತೆಂದು ಸುದ್ದಿ ಬಂದರೂ ಬಂಕಿನಲ್ಲಿ ಬೆಲೆ ಇಳಿಯಲು ವಾರಗಳು ಬೇಕು. ಇದರ ನಡುವೆ ತಾಯಿಗೆ ತುರ್ತಾಗಿ ಶಸ್ತ್ರಚಿಕಿತ್ಸೆ ಮಾಡಿಸಬೇಕಾಯಿತು. ಬಿಲ್ಲು ಕೈಗೆ ಬಂದ ಮೇಲೆ ವಿಚಾರಿಸಿದರೆ, ಇನ್ನೊಂದು ಆಸ್ಪತ್ರೆಯಲ್ಲಿ ಅದೇ ಚಿಕಿತ್ಸೆಗೆ ಅದರ ಅರ್ಧದಷ್ಟೂ ಆಗುತ್ತಿರಲಿಲ್ಲ ಎಂದು ತಿಳಿಯಿತು. ಇಂಧನ, ಚಿಕಿತ್ಸೆ ಎರಡೂ ಬಿಟ್ಟಿರಲಾಗದ ಅಗತ್ಯಗಳು. ಎರಡಕ್ಕೂ ಸರ್ಕಾರವೇ ಗರಿಷ್ಠ ಬೆಲೆ ಗೊತ್ತುಮಾಡಿದರೆ ತಪ್ಪೇನು ಎಂದು ಕೇಳಿದರೆ, ಅರ್ಥಶಾಸ್ತ್ರ ಓದಿರುವ ನನ್ನ ಭಾವ, ‘ಬೆಲೆ ಕಟ್ಟಿದ ದಿನವೇ ಸರಕು ಮಾಯವಾಗುತ್ತದೆ, ಇತಿಹಾಸ ನೋಡು’ ಎನ್ನುತ್ತಾರೆ. ನಮ್ಮ ವಾದ ಮುಗಿಯುತ್ತಿಲ್ಲ. ಯಾರ ಮಾತು ಸರಿ?

ಉತ್ತರ: ನಿಮ್ಮ ಪತ್ರದಲ್ಲಿರುವ ಎರಡು ನೋವುಗಳೂ ನಿಜ. ಆದರೆ ಅವುಗಳ ಮೂಲ ಬೇರೆ ಬೇರೆ. ಎರಡೂ ಒಟ್ಟಿಗೇ ಮೇಲೆ ಬಿದ್ದಾಗ ಒಂದೇ ಮದ್ದು ಸಾಕೆನಿಸುವುದು ಸಹಜ, ನಿಮ್ಮ ವಾದ ಮುಗಿಯದಿರುವುದೂ ಅದಕ್ಕೇ. ಸುತ್ತಿಬಳಸದೆ ಹೇಳುವುದಾದರೆ, ಇಂಧನದ ವಿಷಯದಲ್ಲಿ ನಿಮ್ಮ ಭಾವನವರ ಮಾತಿನಲ್ಲಿ ಹೆಚ್ಚು ಹುರುಳಿದೆ. ಚಿಕಿತ್ಸೆಯ ವಿಷಯದಲ್ಲಿ ನಿಮ್ಮ ಮಾತಿನಲ್ಲಿ ಹೆಚ್ಚು ಹುರುಳಿದೆ.

ಬೆಲೆ ನಿಯಂತ್ರಣದ ಪ್ರಸ್ತಾವಗಳನ್ನು ಓದಿ, ಅವುಗಳ ಪರಿಣಾಮವನ್ನು ಅಂದಾಜು ಮಾಡುವುದು ನನ್ನ ವೃತ್ತಿ. ಯಾವ ಪ್ರಸ್ತಾವ ಮುಂದೆ ಬಂದರೂ ನಾನು ಮೊದಲು ಎರಡು ಸಂಗತಿಗಳನ್ನು ಹುಡುಕುತ್ತೇನೆ. ಸರ್ಕಾರ ಕಟ್ಟಿದ ಬೆಲೆಗೂ ನಿಜವಾದ ವೆಚ್ಚಕ್ಕೂ ನಡುವೆ ಉಳಿಯುವ ಹಣವನ್ನು ಯಾರು ಕೊಡುತ್ತಾರೆ? ಬೆಲೆ ಏರಿಸುವ ದಾರಿ ಮುಚ್ಚಿದ ಮೇಲೆ ಮಾರುವವನು ಬೇರೆ ಏನನ್ನು ಬದಲಾಯಿಸಬಲ್ಲ? ಈ ಎರಡಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಬಹುಪಾಲು ತಾನಾಗಿಯೇ ತಿಳಿಯುತ್ತದೆ.

ಭಾವನವರು ಹೇಳಿದ ಇತಿಹಾಸವನ್ನೇ ಮೊದಲು ನೋಡೋಣ. 1971ರ ಆಗಸ್ಟ್ 15ರಂದು ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ವೇತನ ಮತ್ತು ಬೆಲೆಗಳನ್ನು 90 ದಿನಗಳ ಮಟ್ಟಿಗೆ ಏರದಂತೆ ತಡೆಹಿಡಿದರು. ಉಳಿದ ಸರಕುಗಳ ಮೇಲಿನ ನಿಯಂತ್ರಣ ಕೆಲವು ವರ್ಷಗಳಲ್ಲಿ ಕಳಚಿಕೊಂಡಿತು, ತೈಲದ ಮೇಲಿನದು ಮಾತ್ರ ಉಳಿಯಿತು. 1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ತೈಲ ಪೂರೈಕೆಗೆ ನಿರ್ಬಂಧ ಹಾಕಿದಾಗ ಕೆಲವೇ ತಿಂಗಳಲ್ಲಿ ವಿಶ್ವ ಮಾರುಕಟ್ಟೆಯ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಅಮೆರಿಕದ ಬಂಕುಗಳಲ್ಲಿ ಬೆಲೆ ಅಷ್ಟು ಏರುವಂತಿರಲಿಲ್ಲ. ಆದ್ದರಿಂದ ಸಾಲು ಬೆಳೆಯಿತು. ನೋಂದಣಿ ಸಂಖ್ಯೆ ಬೆಸವಾದರೆ ಒಂದು ದಿನ, ಸಮವಾದರೆ ಇನ್ನೊಂದು ದಿನ ಎಂದು ಹಲವು ರಾಜ್ಯಗಳು ಪಾಳಿ ಮಾಡಿದವು. 1979ರಲ್ಲಿ ಇರಾನ್ ಕ್ರಾಂತಿಯ ವೇಳೆ ಅದೇ ದೃಶ್ಯ ಮರುಕಳಿಸಿತು. ಅದೇ ವರ್ಷ ಜಿಮ್ಮಿ ಕಾರ್ಟರ್ ಹಂತಹಂತವಾಗಿ ನಿಯಂತ್ರಣ ತೆಗೆಯಲು ಆರಂಭಿಸಿದರು, 1981ರ ಜನವರಿಯಲ್ಲಿ ರೊನಾಲ್ಡ್ ರೇಗನ್ ಉಳಿದದ್ದನ್ನು ತೆಗೆದುಹಾಕಿದರು.

ಈ ಕಥೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಭಾಗವೊಂದಿದೆ, ನನಗೆ ಅದೇ ಮುಖ್ಯ. ಸಾಲು ಹುಟ್ಟಿದ್ದು ಬೆಲೆಮಿತಿಯೊಂದರಿಂದಲೇ ಅಲ್ಲ. ಇದ್ದ ಇಂಧನವನ್ನು ಹಿಂದಿನ ಬಳಕೆಯ ಲೆಕ್ಕ ನೋಡಿ ಹಂಚಲಾಯಿತು. ಜನ ಪ್ರವಾಸ ನಿಲ್ಲಿಸಿದ್ದರೂ ಪ್ರವಾಸಿ ತಾಣಗಳಿಗೆ ಹಳೆಯ ಪಾಲು ಹೋಗುತ್ತಲೇ ಇತ್ತು, ನಗರಗಳಲ್ಲಿ ಮಾತ್ರ ಟ್ಯಾಂಕುಗಳು ಬರಿದಾದವು. ದೇಶದೊಳಗಿನ ಹಳೆಯ ಬಾವಿಗಳ ತೈಲಕ್ಕೆ ಕಡಿಮೆ ಬೆಲೆ ಕಟ್ಟಿ, ಹೊಸ ಬಾವಿಗಳ ತೈಲಕ್ಕೂ ಆಮದಿಗೂ ಮಾರುಕಟ್ಟೆ ಬೆಲೆ ಬಿಟ್ಟದ್ದರಿಂದ ಅಗ್ಗದ ತೈಲ ಸಿಕ್ಕ ಸಂಸ್ಕರಣಾಗಾರಗಳಿಗೆ ಅನ್ಯಾಯದ ಲಾಭವಾಗತೊಡಗಿತು. ಅದನ್ನು ಸರಿದೂಗಿಸಲು 1974ರಲ್ಲಿ ತಂದ ಏರ್ಪಾಡಿನ ಪ್ರಕಾರ, ಅಗ್ಗದ ತೈಲ ಬಳಸಿದವರು ಆಮದು ತೈಲ ಬಳಸಿದವರಿಗೆ ಹಣ ಕಟ್ಟಿಕೊಡಬೇಕಾಯಿತು. ಆಮದಿನ ಅವಲಂಬನೆ ತಗ್ಗಿಸಬೇಕು ಎನ್ನುತ್ತಿದ್ದ ಸರ್ಕಾರವೇ ಆಮದಿಗೆ ಪ್ರೋತ್ಸಾಹಧನ ಕೊಡಿಸಿದಂತಾಯಿತು. ಒಂದು ಬೆಲೆಯನ್ನು ಹಿಡಿದರೆ ಅದರ ಬೆನ್ನಿಗೆ ಹಂಚಿಕೆಯ ನಿಯಮ ಬೇಕಾಗುತ್ತದೆ, ಆ ನಿಯಮಕ್ಕೆ ತಿದ್ದುಪಡಿ, ತಿದ್ದುಪಡಿಗೆ ವಿನಾಯಿತಿ. ಕಡತಗಳಲ್ಲಿ ನಾನು ಮತ್ತೆ ಮತ್ತೆ ಕಂಡಿರುವುದು ಇದನ್ನೇ.

ಹಂಗರಿಯ ಉದಾಹರಣೆ ಇನ್ನೂ ಹತ್ತಿರದ್ದು. 2021ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಪೆಟ್ರೋಲ್, ಡೀಸೆಲ್‌ಗೆ ಲೀಟರಿಗೆ 480 ಫೊರಿಂಟ್ ಮಿತಿ ಹಾಕಿತು. ಆಗ ಅದು ಮಾರುಕಟ್ಟೆ ಬೆಲೆಗಿಂತ ಸ್ವಲ್ಪವೇ ಕೆಳಗಿತ್ತು, ಯಾರಿಗೂ ಹೆಚ್ಚು ತೊಂದರೆಯಾಗಲಿಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾಗಿ ವಿಶ್ವದ ಬೆಲೆ ಜಿಗಿದ ಮೇಲೆ ಮಿತಿಗೂ ವೆಚ್ಚಕ್ಕೂ ಅಂತರ ಹಿಗ್ಗಿತು. ನೆರೆದೇಶಗಳ ವಾಹನಗಳು ಗಡಿ ದಾಟಿ ಬಂದು ತುಂಬಿಸಿಕೊಂಡವು. ಮೇ ತಿಂಗಳಲ್ಲಿ ವಿದೇಶಿ ನೋಂದಣಿಯ ವಾಹನಗಳನ್ನು, ಜುಲೈ ಕೊನೆಗೆ ಕಂಪನಿ ವಾಹನಗಳನ್ನು ಮಿತಿಯ ಸೌಲಭ್ಯದಿಂದ ಕೈಬಿಡಲಾಯಿತು. ಆಮದು ಕುಗ್ಗಿ, ಜನ ಗಾಬರಿಯಿಂದ ತುಂಬಿಸಿಕೊಳ್ಳತೊಡಗಿದಾಗ ಡಿಸೆಂಬರ್ 6ರಂದು ಸರ್ಕಾರ ಮಿತಿಯನ್ನೇ ಹಿಂತೆಗೆದುಕೊಂಡಿತು.

ಆದ್ದರಿಂದ ‘ಬೆಲೆ ಕಟ್ಟಿದ ದಿನವೇ ಸರಕು ಮಾಯ’ ಎಂಬುದು ಪೂರ್ತಿ ನಿಜವಲ್ಲ. ಕೊರತೆ ಹುಟ್ಟುವುದು ಅಂತರ ಹಿಗ್ಗಿದಾಗ, ಮತ್ತು ಆ ಅಂತರವನ್ನು ತುಂಬಲು ಯಾರೂ ಇಲ್ಲದಾಗ. ಇನ್ನೊಂದು ಮಾತನ್ನೂ ಭಾವನವರಿಗೆ ತಿಳಿಸಿ. ಒಬ್ಬನೇ ಮಾರಾಟಗಾರನಿರುವ ಕಡೆ, ಅಂದರೆ ಕುಡಿಯುವ ನೀರಿನ ಕೊಳವೆ, ವಿದ್ಯುತ್ ತಂತಿಯಂಥ ಕಡೆ, ಅವನು ಬೇಕೆಂದೇ ಪೂರೈಕೆ ಕಡಿಮೆ ಮಾಡಿ ಬೆಲೆ ಏರಿಸಬಲ್ಲ. ಅಲ್ಲಿ ವೆಚ್ಚಕ್ಕಿಂತ ತುಸು ಮೇಲೆ ಕಟ್ಟಿದ ಮಿತಿ ಕೊರತೆ ತರುವುದಿಲ್ಲ, ಪೂರೈಕೆಯನ್ನು ಹೆಚ್ಚಿಸಲೂಬಹುದು. ಅರ್ಥಶಾಸ್ತ್ರದ ಪಠ್ಯದಲ್ಲಿ ಇದೂ ಇದೆ. ಆದರೆ ಮೊದಲ ಅಧ್ಯಾಯದ ಬೇಡಿಕೆ-ಪೂರೈಕೆಯ ರೇಖಾಚಿತ್ರ ಮನಸ್ಸಿನಲ್ಲಿ ಉಳಿಯುವಷ್ಟು ಗಟ್ಟಿಯಾಗಿ ಮುಂದಿನ ಅಧ್ಯಾಯಗಳು ಉಳಿಯುವುದಿಲ್ಲ.

ಈಗ ನಿಮ್ಮ ದೂರಿಗೆ ಬರೋಣ. ಏರುವಾಗ ಬೇಗ, ಇಳಿಯುವಾಗ ನಿಧಾನ ಎಂಬುದು ನಿಮ್ಮ ಭ್ರಮೆಯಲ್ಲ. 1991ರಲ್ಲಿ ರಾಬರ್ಟ್ ಬೇಕನ್ ಎಂಬ ಅರ್ಥಶಾಸ್ತ್ರಜ್ಞ ಬ್ರಿಟನ್ನಿನ ಪೆಟ್ರೋಲ್ ಬೆಲೆಗಳಲ್ಲಿ ಇದನ್ನು ಅಳೆದು ತೋರಿಸಿದರು, ಅನಂತರ ಹಲವು ದೇಶಗಳಲ್ಲಿ ಇದೇ ಕಂಡುಬಂದಿದೆ. ಇದಕ್ಕೆ ದೊಡ್ಡ ಒಳಸಂಚೇ ಬೇಕೆಂದಿಲ್ಲ. ಬೆಲೆ ಏರಿದಾಗ ಗ್ರಾಹಕರು ಅಗ್ಗದ ಬಂಕನ್ನು ಹುಡುಕುತ್ತಾರೆ. ಇಳಿಯತೊಡಗಿದಾಗ, ನಿನ್ನೆಗಿಂತ ಕಡಿಮೆಯಿದೆಯಲ್ಲ ಎಂಬ ಸಮಾಧಾನದಲ್ಲಿ ಹುಡುಕಾಟ ನಿಲ್ಲಿಸುತ್ತಾರೆ. ಆ ಅವಧಿಯಲ್ಲಿ ಮಾರಾಟಗಾರನ ಲಾಭಾಂಶ ದೊಡ್ಡದಾಗಿರುತ್ತದೆ. ಇದು ಸರಿಪಡಿಸಬೇಕಾದ ದೋಷವೇ, ಆದರೆ ಸರಿಪಡಿಸಲು ಬೆಲೆಯನ್ನು ಕಟ್ಟಿಹಾಕಬೇಕಿಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 2001ರಿಂದ ಬಹುಪಾಲು ಬಂಕುಗಳು ನಾಳೆಯ ಬೆಲೆಯನ್ನು ಇಂದೇ ಸರ್ಕಾರಕ್ಕೆ ತಿಳಿಸಬೇಕು, ಮರುದಿನ 24 ಗಂಟೆ ಅದೇ ಬೆಲೆಗೆ ಮಾರಬೇಕು. ನಾಳೆ ಎಲ್ಲಿ ಅಗ್ಗ ಎಂದು ಜನರಿಗೆ ಹಿಂದಿನ ದಿನವೇ ಗೊತ್ತಾಗುತ್ತದೆ. ಆಸ್ಟ್ರಿಯಾ 2011ರಲ್ಲಿ ತಂದ ನಿಯಮ ಇನ್ನೂ ಸರಳ: ಬೆಲೆ ಏರಿಸುವುದಾದರೆ ದಿನಕ್ಕೊಮ್ಮೆ, ಮಧ್ಯಾಹ್ನ 12 ಗಂಟೆಗೆ ಮಾತ್ರ, ಇಳಿಸುವುದಾದರೆ ಯಾವಾಗ ಬೇಕಾದರೂ. ಇಂಥ ನಿಯಮಗಳಿಂದ ಕಚ್ಚಾ ತೈಲ ಅಗ್ಗವಾಗುವುದಿಲ್ಲ, ಅಷ್ಟನ್ನು ನಿರೀಕ್ಷಿಸಲೂಬಾರದು. ಬಂಕಿನ ಮಟ್ಟದ ಆಟಕ್ಕೆ ಕಡಿವಾಣ ಬೀಳುತ್ತದೆ, ಅಷ್ಟೇ.

ಸರ್ಕಾರವೇ ವ್ಯತ್ಯಾಸ ತುಂಬಿಕೊಟ್ಟರೆ ಕೊರತೆ ಬರುವುದಿಲ್ಲವಲ್ಲ ಎಂದು ನೀವು ಕೇಳಬಹುದು. ನಿಜ, ಬರುವುದಿಲ್ಲ. ಆದರೆ ಬೊಕ್ಕಸದ ಹಣ ಯಾರ ಟ್ಯಾಂಕಿಗೆ ಹೋಗುತ್ತದೆ ಎಂದು ನೋಡಬೇಕು. ಅಭಿವೃದ್ಧಿಶೀಲ ರಾಷ್ಟ್ರಗಳ ಇಂಧನ ಸಬ್ಸಿಡಿಗಳನ್ನು ಅಧ್ಯಯನ ಮಾಡಿದ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಅರ್ಥಶಾಸ್ತ್ರಜ್ಞರು, ಅತಿ ಶ್ರೀಮಂತ ಶೇ 20ರಷ್ಟು ಕುಟುಂಬಗಳಿಗೆ ಅತಿ ಬಡ ಶೇ 20ರಷ್ಟು ಕುಟುಂಬಗಳಿಗಿಂತ ಸರಾಸರಿ ಆರು ಪಟ್ಟು ಹೆಚ್ಚು ಸಬ್ಸಿಡಿ ದೊರೆಯುತ್ತದೆ ಎಂದು ಕಂಡುಕೊಂಡರು. ಹೆಚ್ಚು ಸುಡುವವನಿಗೆ ಹೆಚ್ಚು ನೆರವು. ಬಡವರ ಹೆಸರಿನಲ್ಲಿ ನಡೆಯುವ ಈ ಹಂಚಿಕೆ ನನಗೆ ಒಪ್ಪಿಗೆಯಿಲ್ಲ.

ಹಾಗೆಂದು ಸಬ್ಸಿಡಿಯನ್ನು ಒಂದೇ ಏಟಿಗೆ ಕಿತ್ತುಹಾಕಿ ಎನ್ನುವವರ ಪರವೂ ನಾನಿಲ್ಲ. 2010ರ ಡಿಸೆಂಬರ್‌ನಲ್ಲಿ ಬೊಲಿವಿಯಾ ಸರ್ಕಾರ ಇಂಧನ ಬೆಲೆಯನ್ನು ಏಕಾಏಕಿ ಏರಿಸಿ, ಜನ ಬೀದಿಗಿಳಿದ ಮೇಲೆ ಕೆಲವೇ ದಿನಗಳಲ್ಲಿ ಆದೇಶ ಹಿಂಪಡೆಯಿತು. ನೈಜೀರಿಯಾದಲ್ಲಿ 2023ರ ಮೇ ಕೊನೆಯಲ್ಲಿ ಸಬ್ಸಿಡಿ ನಿಂತ ಕೆಲವೇ ದಿನಗಳಲ್ಲಿ ಪೆಟ್ರೋಲ್ ಬೆಲೆ ಎರಡೂವರೆ ಪಟ್ಟನ್ನು ದಾಟಿತು, ಕೂಲಿಗೆ ಹೋಗುವವರ ಬಸ್ ದರವೂ ಜೊತೆಗೇ ಏರಿತು. ಇರಾನ್ 2010ರಲ್ಲಿ ಬೇರೆ ದಾರಿ ಹಿಡಿಯಿತು: ಬೆಲೆ ಏರಿಸುವ ಮೊದಲೇ ಕುಟುಂಬಗಳ ಬ್ಯಾಂಕ್ ಖಾತೆಗೆ ಹಣ ಹಾಕಿ, ಬೆಲೆ ಏರಿದಾಗ ಅದನ್ನು ತೆಗೆದುಕೊಳ್ಳಲು ಬಿಟ್ಟಿತು. ಆರಂಭ ಶಾಂತವಾಗಿಯೇ ನಡೆಯಿತು. ಆದರೆ ಮೊತ್ತವನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸದೆ ಇದ್ದುದರಿಂದ ಕೆಲವೇ ವರ್ಷಗಳಲ್ಲಿ ಆ ನೆರವಿನ ಕಸುವು ಕರಗಿಹೋಯಿತು. ಬೆಲೆ ಏರಿಳಿಯಲಿ, ಕಷ್ಟಕ್ಕೆ ಸಿಲುಕಿದವರ ಕೈಗೆ ನೇರವಾಗಿ ಹಣ ಹೋಗಲಿ, ಆ ಹಣ ಬೆಲೆಯೊಂದಿಗೆ ಪರಿಷ್ಕಾರವಾಗುತ್ತಿರಲಿ ಎಂಬುದೇ ನನ್ನ ನಿಲುವು. ಏರಿಳಿತದ ಹೊಡೆತ ತಪ್ಪಿಸಬೇಕೆಂದರೆ ಚಿಲಿಯ ವಿಧಾನವಿದೆ. 2014ರಿಂದ ಅಲ್ಲಿ ವಿಶ್ವದ ಬೆಲೆ ಜಿಗಿದಾಗ ತೆರಿಗೆ ತಗ್ಗುತ್ತದೆ, ಕುಸಿದಾಗ ಏರುತ್ತದೆ. ಬಂಕಿನ ಬೆಲೆ ಬದಲಾಗುತ್ತದೆ, ಆದರೆ ಚಿಕ್ಕ ಚಿಕ್ಕ ಹೆಜ್ಜೆಗಳಲ್ಲಿ. ಏರಿಕೆ ವರ್ಷಗಟ್ಟಲೆ ನಿಂತರೆ ಮಾತ್ರ ಬೊಕ್ಕಸ ಸೋರುತ್ತದೆ, ಆ ಅಪಾಯವನ್ನು ಮರೆಯುವಂತಿಲ್ಲ.

ನಿಮ್ಮ ವ್ಯವಹಾರದ ಮಟ್ಟಿಗೆ ಸರ್ಕಾರಕ್ಕಾಗಿ ಕಾಯಬೇಕಿಲ್ಲ. ಮುಂದಿನ ಬಾಡಿಗೆ ಒಪ್ಪಂದದಲ್ಲಿ ಇಂಧನ ಹೊಂದಾಣಿಕೆಯ ಕಲಮು ಸೇರಿಸಿ. ಸಹಿ ಹಾಕಿದ ದಿನದ ಡೀಸೆಲ್ ಬೆಲೆಯನ್ನು ನಮೂದಿಸಿ, ಅದಕ್ಕಿಂತ ಇಂತಿಷ್ಟು ಹೆಚ್ಚು ಅಥವಾ ಕಡಿಮೆಯಾದರೆ ಬಾಡಿಗೆ ಇಂತಿಷ್ಟು ಬದಲಾಗುತ್ತದೆ ಎಂದು ಬರೆಯಿಸಿ. ಇಳಿದಾಗ ಬಾಡಿಗೆ ಇಳಿಸಲು ನೀವೂ ಸಿದ್ಧರಿದ್ದರೆ ಮಾತ್ರ ಗಿರಾಕಿ ಒಪ್ಪುತ್ತಾನೆ. ದೊಡ್ಡ ಸಾಗಣೆ ಕಂಪನಿಗಳು ಬಹಳ ಹಿಂದಿನಿಂದಲೂ ಹೀಗೆಯೇ ಮಾಡುತ್ತಿವೆ.

ಚಿಕಿತ್ಸೆಯ ವಿಷಯ ಬೇರೆಯೇ. ಇಂಧನದ ಬೆಲೆ ಏರಿದರೆ ನೀವು ಎರಡು ಸುತ್ತಿನ ಸಾಗಣೆಯನ್ನು ಒಂದು ಮಾಡಬಹುದು, ಖಾಲಿ ವಾಹನ ಓಡಿಸುವುದನ್ನು ತಪ್ಪಿಸಬಹುದು. ಬೆಲೆ ನಿಮಗೆ ಏನನ್ನೋ ಹೇಳುತ್ತದೆ, ನೀವು ಅದಕ್ಕೆ ಸ್ಪಂದಿಸುತ್ತೀರಿ. ತಾಯಿಯನ್ನು ತುರ್ತು ಚಿಕಿತ್ಸೆಗೆ ಕರೆದೊಯ್ದ ದಿನ ನೀವು ಏನು ಮಾಡಬಹುದಾಗಿತ್ತು? ಬೆಲೆ ಕೇಳಲು ಸಮಯವಿರಲಿಲ್ಲ. ಕೇಳಿದ್ದರೂ ಯಾವ ಚಿಕಿತ್ಸೆ ಬೇಕೆಂದು ನಿರ್ಧರಿಸುವವರು ವೈದ್ಯರೇ ಹೊರತು ನೀವಲ್ಲ, ಆ ಚಿಕಿತ್ಸೆಯನ್ನು ಮಾರುವವರೂ ಅವರೇ. ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1963ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದ ತಿರುಳು ಇದೇ: ರೋಗ ಯಾವಾಗ ಬರುತ್ತದೆಂದು ತಿಳಿಯದ, ಚಿಕಿತ್ಸೆಯ ಗುಣವನ್ನು ಅಳೆಯಲಾಗದ ಕೊಳ್ಳುಗನಿಗೂ, ಎಲ್ಲ ತಿಳಿದ ಮಾರಾಟಗಾರನಿಗೂ ನಡುವೆ ಸಾಮಾನ್ಯ ಮಾರುಕಟ್ಟೆಯ ನಿಯಮಗಳು ನಡೆಯುವುದಿಲ್ಲ. ನೀವು ಕಂಡ ಎರಡು ಆಸ್ಪತ್ರೆಗಳ ಬಿಲ್ಲಿನ ಅಂತರದಲ್ಲಿ ಕೋಣೆ, ಉಪಕರಣ, ರೋಗಿಯ ಸ್ಥಿತಿಯ ಪಾಲು ಇದ್ದೀತು. ಆದರೆ ಅಷ್ಟು ದೊಡ್ಡ ಅಂತರವನ್ನು ಗುಣಮಟ್ಟವೊಂದರಿಂದಲೇ ವಿವರಿಸಲಾಗದು. ಚೌಕಾಸಿ ಮಾಡಲಾಗದ ಸ್ಥಿತಿಯಲ್ಲಿ ಬಂದವರಿಂದ ಹೆಚ್ಚು ಪಡೆಯಲು ಸಾಧ್ಯವಿರುವುದೇ ಅದರ ದೊಡ್ಡ ಕಾರಣ.

‘ಮುಂದುವರಿದ ದೇಶಗಳಲ್ಲಿ ಚಿಕಿತ್ಸೆಯ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿದ್ದಾರೆ’ ಎಂಬ ಮಾತನ್ನು ಭಾವನವರು ಆಡಿದರೆ ಒಪ್ಪಬೇಡಿ. ಜಪಾನಿನಲ್ಲಿ ವಿಮೆಯೊಳಗಿನ ಪ್ರತಿ ಚಿಕಿತ್ಸೆಗೂ ದೇಶಕ್ಕೆಲ್ಲ ಒಂದೇ ದರಪಟ್ಟಿ ಇದೆ, ಅದನ್ನು ಎರಡು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತಾರೆ. ಜರ್ಮನಿಯಲ್ಲಿ ಹೊಸ ಔಷಧಕ್ಕೆ ಆರಂಭದಲ್ಲಷ್ಟೇ ಕಂಪನಿ ಹೇಳಿದ ಬೆಲೆ, ಆಮೇಲೆ ಹಳೆಯ ಔಷಧಕ್ಕಿಂತ ಅದು ಎಷ್ಟು ಮೇಲು ಎಂದು ತೂಗಿ ಬೆಲೆ ಮಾತಾಡುತ್ತಾರೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 1970ರ ದಶಕದಿಂದ ಒಂದು ಆಯೋಗವೇ ಆಸ್ಪತ್ರೆಗಳ ದರ ನಿಗದಿ ಮಾಡುತ್ತಿದೆ. ಯಾವ ವಿಮೆಯವರೇ ಬರಲಿ, ಒಂದು ಆಸ್ಪತ್ರೆಯಲ್ಲಿ ಎಲ್ಲರಿಗೂ ಒಂದೇ ದರ. ಜಪಾನಿನ ಆಸ್ಪತ್ರೆಗಳೂ ಮೇರಿಲ್ಯಾಂಡಿನ ಆಸ್ಪತ್ರೆಗಳೂ ಬಾಗಿಲು ಮುಚ್ಚಿಕೊಂಡು ಹೋಗಲಿಲ್ಲ. ತಲೆಗೆ ಲೆಕ್ಕ ಹಾಕಿದರೆ ಜಗತ್ತಿನಲ್ಲೇ ಅತಿ ಹೆಚ್ಚು ಎಂಆರ್‌ಐ ಯಂತ್ರಗಳಿರುವ ದೇಶಗಳಲ್ಲಿ ದರ ಕಟ್ಟಿರುವ ಜಪಾನ್ ಮುಂಚೂಣಿಯಲ್ಲಿದೆ.

ಹಾಗಾದರೆ ನಿಮ್ಮದೇ ಗೆಲುವೇ? ಇಲ್ಲಿಯೇ ಎಚ್ಚರಿಕೆ ಬೇಕು. ಮಾರುವವನು ಬೇರೆ ಏನನ್ನು ಬದಲಾಯಿಸಬಲ್ಲ ಎಂಬ ಪ್ರಶ್ನೆಗೆ ಆಸ್ಪತ್ರೆಯ ಮಟ್ಟಿಗೆ ಉತ್ತರ ಬಹಳ ಉದ್ದವಾಗಿದೆ. ಭೇಟಿಗಳ ಸಂಖ್ಯೆ, ಪರೀಕ್ಷೆಗಳ ಸಂಖ್ಯೆ, ಒಳರೋಗಿಯಾಗಿ ಇಟ್ಟುಕೊಳ್ಳುವ ದಿನಗಳು, ಬಳಸುವ ಸಾಮಗ್ರಿ, ರೋಗವನ್ನು ದಾಖಲಿಸುವ ರೀತಿ ಎಲ್ಲವೂ ಅವನ ಕೈಯಲ್ಲಿವೆ. ಜಪಾನಿನಲ್ಲಿ ದರ ಕಡಿಮೆ, ವೈದ್ಯರೊಂದಿಗಿನ ಭೇಟಿಯೂ ಚಿಕ್ಕದು, ಭೇಟಿಗಳ ಸಂಖ್ಯೆ ಮಾತ್ರ ಹೆಚ್ಚು. ಅಮೆರಿಕದ ಹಿರಿಯರ ವಿಮೆಯಾದ ಮೆಡಿಕೇರ್ 1983ರಲ್ಲಿ ಆಸ್ಪತ್ರೆ ಮಾಡಿದ ವೆಚ್ಚದ ಲೆಕ್ಕ ಬಿಟ್ಟು, ರೋಗದ ವರ್ಗ ನೋಡಿ ಒಂದೇ ಮೊತ್ತ ಕೊಡುವ ಪದ್ಧತಿಗೆ ಬದಲಾಯಿತು. ಆಸ್ಪತ್ರೆಯಲ್ಲಿ ಉಳಿಯುವ ದಿನಗಳು ಇಳಿದವು. ಪೂರ್ತಿ ಚೇತರಿಸುವ ಮೊದಲೇ ಮನೆಗೆ ಕಳಿಸುತ್ತಾರೆಂಬ ದೂರೂ, ಹೆಚ್ಚು ಮೊತ್ತ ಸಿಗುವ ವರ್ಗಕ್ಕೆ ರೋಗಿಯನ್ನು ಸೇರಿಸುವ ಪ್ರವೃತ್ತಿಯೂ ಅದರ ಬೆನ್ನಿಗೇ ಬಂದವು. ಮೇರಿಲ್ಯಾಂಡಿನಲ್ಲಿ ಒಂದೊಂದು ಚಿಕಿತ್ಸೆಯ ದರ ಹಿಡಿತದಲ್ಲಿದ್ದರೂ ಚಿಕಿತ್ಸೆಗಳ ಒಟ್ಟು ಸಂಖ್ಯೆ ಏರುತ್ತಾ ಹೋಯಿತು. ಅದಕ್ಕಾಗಿ 2014ರಿಂದ ಪ್ರತಿ ಆಸ್ಪತ್ರೆಗೂ ವರ್ಷಕ್ಕಿಷ್ಟು ಎಂದು ಒಟ್ಟು ಆದಾಯವನ್ನೇ ನಿಗದಿ ಮಾಡಲಾಯಿತು. ಬಿಲ್ಲಿನ ಒಂದು ಸಾಲಿಗೆ ಮಾತ್ರ ಮಿತಿ ಹಾಕಿ ಉಳಿದವನ್ನು ಬಿಟ್ಟರೆ, ಇಳಿದ ಮೊತ್ತ ಬೇರೆ ಸಾಲಿನಲ್ಲಿ ಮೇಲೇಳುತ್ತದೆ. ನಾನು ಪರಿಶೀಲಿಸಿದ ಪ್ರಸ್ತಾವಗಳಲ್ಲಿ ಬಹುಪಾಲು ಎಡವಿದ್ದು ಇಲ್ಲಿಯೇ.

ಔಷಧಗಳ ಮಾತು ಇನ್ನಷ್ಟು ಸೂಕ್ಷ್ಮ. ಹಳೆಯ, ಅಗ್ಗದ, ಚುಚ್ಚುಮದ್ದಿನ ರೂಪದ ಔಷಧಗಳಲ್ಲಿ ಬೆಲೆ ತೀರಾ ಕೆಳಗಿಳಿದರೆ ಕೊನೆಗೆ ಒಬ್ಬಿಬ್ಬರು ತಯಾರಕರಷ್ಟೇ ಉಳಿಯುತ್ತಾರೆ. 2023ರಲ್ಲಿ ಅಮೆರಿಕದಲ್ಲಿ ಸಿಸ್ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧ ಸಿಗದೆ ರೋಗಿಗಳು ಪರದಾಡಿದರು, ಒಂದು ದೊಡ್ಡ ಕಾರ್ಖಾನೆ ಉತ್ಪಾದನೆ ನಿಲ್ಲಿಸಿದ್ದೇ ಕಾರಣ. ಅಲ್ಲಿ ಸರ್ಕಾರ ಬೆಲೆ ಕಟ್ಟಿರಲಿಲ್ಲ, ದೊಡ್ಡ ಖರೀದಿದಾರರ ಚೌಕಾಸಿಯೂ ತಯಾರಕರ ಪೈಪೋಟಿಯೂ ಬೆಲೆಯನ್ನು ನೆಲಕ್ಕಿಳಿಸಿದ್ದವು. ಅಂದರೆ ಕೊರತೆಗೆ ಸರ್ಕಾರವೇ ಬೇಕೆಂದಿಲ್ಲ, ಆದರೆ ಸರ್ಕಾರ ಮಿತಿ ಹಾಕುವುದಾದರೆ ಇದನ್ನು ಮರೆಯಬಾರದು. ಹೊಸ ಔಷಧಗಳಲ್ಲಿ ಅಪಾಯ ಬೇರೆ: ಲಾಭ ಕಡಿಮೆಯಾದರೆ ಸಂಶೋಧನೆಗೆ ಹೂಡುವ ಹಣವೂ ಕಡಿಮೆಯಾಗುತ್ತದೆ. ಇದು ನಿಜ, ಆದರೆ ಅದರ ಗಾತ್ರವನ್ನು ಕಂಪನಿಗಳು ಉಬ್ಬಿಸಿ ಹೇಳುತ್ತವೆ. ಅಮೆರಿಕದ 2022ರ ಕಾನೂನು ಮೆಡಿಕೇರ್‌ಗೆ ಕೆಲವು ಔಷಧಗಳ ಬೆಲೆ ಚೌಕಾಸಿ ಮಾಡುವ ಅಧಿಕಾರ ಕೊಟ್ಟಾಗ, ಅಲ್ಲಿನ ಸಂಸತ್ತಿನ ಆಯವ್ಯಯ ಕಚೇರಿ ಮುಂದಿನ 30 ವರ್ಷಗಳಲ್ಲಿ ಬರಬಹುದಾದ ಸುಮಾರು 1,300 ಹೊಸ ಔಷಧಗಳಲ್ಲಿ ಹದಿಮೂರರಷ್ಟು ಕಡಿಮೆಯಾಗಬಹುದು ಎಂದು ಅಂದಾಜಿಸಿತು. ಆ ಹದಿಮೂರರಲ್ಲಿ ಒಂದು ಯಾರದೋ ಪ್ರಾಣ ಉಳಿಸಬಹುದಾಗಿತ್ತು, ಅದನ್ನು ಹಗುರವಾಗಿ ನೋಡಬಾರದು. ಈಗಿರುವ ಔಷಧವನ್ನೇ ಕೊಳ್ಳಲಾಗದೆ ಬಿಡುವವರ ಪ್ರಾಣವೂ ಅಷ್ಟೇ ತೂಕದ್ದು.

ಅದೇ ಕಾನೂನಿನ ಇನ್ನೊಂದು ಅಂಶವನ್ನು ನಿಮ್ಮಿಬ್ಬರ ವಾದಕ್ಕಾಗಿಯೇ ಹೇಳುತ್ತೇನೆ. 2023ರಿಂದ ಮೆಡಿಕೇರ್ ರೋಗಿಗಳು ಪ್ರತಿ ಬಗೆಯ ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರಿಗಿಂತ ಹೆಚ್ಚು ಕೊಡಬೇಕಿಲ್ಲ. ಇದನ್ನು ಎಲ್ಲರೂ ಬೆಲೆಮಿತಿ ಎಂದೇ ಕರೆಯುತ್ತಾರೆ, ಆದರೆ ಮಿತಿ ಇರುವುದು ರೋಗಿಯ ಪಾಲಿಗೆ, ಕಂಪನಿಯ ಬೆಲೆಗಲ್ಲ. ವ್ಯತ್ಯಾಸವನ್ನು ವಿಮೆ ಕೊಡುತ್ತದೆ, ವಿಮೆಯ ಹಣ ಕಂತು ಮತ್ತು ತೆರಿಗೆ ಕಟ್ಟುವವರಿಂದ ಬರುತ್ತದೆ. ತಯಾರಕನಿಗೆ ನಷ್ಟವಿಲ್ಲದ್ದರಿಂದ ಕೊರತೆಯ ಭಯವಿಲ್ಲ, ಆದರೆ ಅಸಲು ಬೆಲೆ ತಾನಾಗಿ ಇಳಿಯುವುದೂ ಇಲ್ಲ. ಹೊಸ ಘೋಷಣೆ ಬಂದಾಗ ಮಿತಿ ಯಾವುದರ ಮೇಲಿದೆ ಎಂದು ಮೊದಲು ನೋಡಿ. ವಾದದ ಅರ್ಧ ಅಲ್ಲಿಯೇ ತೀರುತ್ತದೆ.

ಚಿಕಿತ್ಸೆಗೆ ದರ ಕಟ್ಟುವುದಾದರೆ ನಾನು ಕೇಳುವುದು ಇಷ್ಟು. ಬಿಡಿ ಸಾಲುಗಳಿಗಲ್ಲ, ಕೋಣೆ, ವೈದ್ಯರ ಶುಲ್ಕ, ಸಾಮಗ್ರಿ ಎಲ್ಲ ಸೇರಿದ ಪೂರ್ತಿ ಚಿಕಿತ್ಸೆಗೆ ದರವಿರಲಿ. ತೊಡಕಾದ ರೋಗಿಗೆ ಹೆಚ್ಚು ಮೊತ್ತ ಇರಲಿ, ಇಲ್ಲವಾದರೆ ಅವನನ್ನು ಬೇರೆಡೆಗೆ ಸಾಗಹಾಕುತ್ತಾರೆ. ಪರಿಷ್ಕರಣೆಯ ದಿನಾಂಕ ಆದೇಶದಲ್ಲೇ ಇರಲಿ. ಕಾಯುವ ಅವಧಿ, ಮರುದಾಖಲಾತಿ, ಸಾವುನೋವುಗಳ ಲೆಕ್ಕವನ್ನು ದರದ ಜೊತೆಗೇ ಪ್ರಕಟಿಸಲಿ. ಈ ಕೊನೆಯದಕ್ಕೆ ಆಡಳಿತಗಾರರು ಹಿಂದೇಟು ಹಾಕುತ್ತಾರೆ, ಆದರೆ ಅದಿಲ್ಲದೆ ದರ ಕಡಿತದ ಬೆಲೆಯನ್ನು ರೋಗಿ ತನ್ನ ದೇಹದಿಂದ ತೆರುತ್ತಿದ್ದಾನೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ.

ಮುಂದೆ ತಾಯಿಗೆ ಯೋಜಿತ ಚಿಕಿತ್ಸೆಯೇನಾದರೂ ಬೇಕಾದರೆ ಅಂದಾಜು ವೆಚ್ಚವನ್ನು ಬರಹದಲ್ಲಿ ಪಡೆಯಿರಿ. ಅದರಲ್ಲಿ ಏನೇನು ಸೇರಿದೆ, ಹೆಚ್ಚುವರಿ ದಿನ ಉಳಿಯಬೇಕಾದರೆ ಎಷ್ಟು, ಅಳವಡಿಸುವ ಉಪಕರಣದಲ್ಲಿ ಬೇರೆ ಆಯ್ಕೆಗಳಿವೆಯೇ ಎಂದು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ, ಒಳ್ಳೆಯ ವೈದ್ಯರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ತುರ್ತು ಚಿಕಿತ್ಸೆಯಲ್ಲಿ ಮಾತ್ರ ಈ ಯಾವ ಸಲಹೆಯೂ ಕೆಲಸಕ್ಕೆ ಬಾರದು, ಬೆಲೆಪಟ್ಟಿಯನ್ನು ಗೋಡೆಗೆ ಹಾಕಿದರೂ ಪ್ರಯೋಜನವಿಲ್ಲ. ಅದಕ್ಕೇ ದರ ನಿಯಂತ್ರಣ ಎಲ್ಲಿಂದ ಆರಂಭವಾಗಬೇಕು ಎಂದು ಕೇಳಿದರೆ ತುರ್ತು ಚಿಕಿತ್ಸೆಯಿಂದ ಎನ್ನುತ್ತೇನೆ. ಅಮೆರಿಕದಲ್ಲಿ 2022ರ ಜನವರಿಯಿಂದ ಜಾರಿಯಲ್ಲಿರುವ ಕಾನೂನಿನಂತೆ, ತುರ್ತು ಸಮಯದಲ್ಲಿ ವಿಮೆಯ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಹೋದರೂ ವಿಮೆ ಇರುವ ರೋಗಿ ತನ್ನ ಎಂದಿನ ಪಾಲನ್ನಷ್ಟೇ ಕೊಡುತ್ತಾನೆ. ಉಳಿದ ಮೊತ್ತದ ಜಗಳ ಆಸ್ಪತ್ರೆಗೂ ವಿಮಾ ಕಂಪನಿಗೂ, ಅದನ್ನು ಮಧ್ಯಸ್ಥರು ತೀರ್ಮಾನಿಸುತ್ತಾರೆ. ಅಂಥ ಮಧ್ಯಸ್ಥಿಕೆಯ ಪ್ರಕರಣಗಳು ಸರ್ಕಾರ ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಬಂದವು, ಬಹುಪಾಲು ತೀರ್ಪುಗಳು ಆಸ್ಪತ್ರೆ ಮತ್ತು ವೈದ್ಯರ ಪರವಾಗಿಯೇ ಆದವು. ಆ ಖರ್ಚು ಕೊನೆಗೆ ವಿಮೆಯ ಕಂತಿನ ಮೇಲೆ ಬೀಳಬಹುದು. ಆದರೂ ರೋಗಿಯ ಮನೆಯವರು ಬಿಲ್ಲು ಹಿಡಿದು ಒಬ್ಬರೇ ನಿಲ್ಲುವ ಸ್ಥಿತಿಗಿಂತ, ಲೆಕ್ಕ ಬಲ್ಲ ಇಬ್ಬರು ಬಲಶಾಲಿಗಳು ಆ ಜಗಳವಾಡುವುದನ್ನೇ ನಾನು ಒಪ್ಪುತ್ತೇನೆ.